ಗಣಕಯಂತ್ರದ ಜೋಡಣೆ: ಒಂದು ಪಾಠ

ಇಳಕಲ್ ಸೀರೆಯ ಒಡಲಿಗೆ ಸೆರಗನ್ನು ಕೂಡಿಸುವಾಗ ನೇಕಾರನು ಎರಡು ಹಾಸುಗಳ ಎಳೆಗಳನ್ನು ಕೊಂಡಿಕೊಂಡಿಯಾಗಿ ಹೆಣೆಯುತ್ತಾನೆ. ಅಲ್ಲಿ ಅವಸರಕ್ಕೆ ಎಡೆಯಿಲ್ಲ. ಗಣಕಯಂತ್ರದ ಪೆಟ್ಟಿಗೆಯಲ್ಲಿ ಮದರ್‌ಬೋರ್ಡನ್ನೂ ಪವರ್ ಸಪ್ಲೈಯನ್ನೂ ಕೂಡಿಸುವ ಕೆಲಸವೂ ಅಂಥದೇ.

ಪವರ್ ಸಪ್ಲೈಯು 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು 12, 5 ಹಾಗೂ 3.3 ವೋಲ್ಟುಗಳ ನೇರ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. 1995ರಲ್ಲಿ ಇಂಟೆಲ್ ಸಂಸ್ಥೆಯು ರೂಪಿಸಿದ ಎಟಿಎಕ್ಸ್ ಮಾದರಿಯಿಂದಾಗಿ ಬೇರೆ ಬೇರೆ ತಯಾರಕರ ಭಾಗಗಳೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ಜೋಡಿಸುವ ಮುನ್ನ ಪ್ಲಗ್ಗನ್ನು ಕಿತ್ತಿರಬೇಕು. ಬಾಗಲಕೋಟೆ, ಬಾದಾಮಿ, ಹುನಗುಂದ ಸೀಮೆಯ ಬೇಸಿಗೆಯ ಒಣಹವೆಯಲ್ಲಿ ಮೈಮೇಲೆ ಸ್ಥಿರವಿದ್ಯುತ್ತು ಸುಲಭವಾಗಿ ಸಂಗ್ರಹವಾಗುತ್ತದೆ; ಕೈಗೆ ಅರಿವಾಗದಷ್ಟು ಅಲ್ಪ ಕಿಡಿಯೂ ಚಿಪ್ಪನ್ನು ಕೆಡಿಸಬಲ್ಲದು. ಆದುದರಿಂದ ಪೆಟ್ಟಿಗೆಯ ಬಣ್ಣವಿಲ್ಲದ ಲೋಹಭಾಗವನ್ನು ಮುಟ್ಟಿದ ಬಳಿಕವೇ ಬೋರ್ಡನ್ನು ಅದರ ಅಂಚಿನಲ್ಲಿ ಹಿಡಿಯತಕ್ಕದ್ದು.

ಬೋರ್ಡಿನಲ್ಲಿ ರಂಧ್ರಗಳಿರುವೆಡೆ ಮಾತ್ರ ಪೆಟ್ಟಿಗೆಯ ತಳಕ್ಕೆ ಕಿರುಗಂಬಗಳನ್ನು ತಿರುಗಿಸಬೇಕು. ಬೋರ್ಡಿನ ಬೆನ್ನು ಬರಿಯ ಲೋಹಕ್ಕೆ ತಗಲಿದರೆ ವಿದ್ಯುತ್ತು ಅಡ್ಡದಾರಿ ಹಿಡಿದು ಬೋರ್ಡು ಹಾಳಾಗಬಹುದು. ತಿರುಪುಗಳನ್ನು ಅತಿಯಾಗಿ ಬಿಗಿಯಬಾರದು. ಅನಂತರ ಪವರ್ ಸಪ್ಲೈಯನ್ನು ಕೂರಿಸಿ, 24 ಪಿನ್ನುಗಳ ಮುಖ್ಯ ಕನೆಕ್ಟರನ್ನೂ, ಪ್ರೊಸೆಸರಿಗೆ ಸಲ್ಲುವ 4 ಅಥವಾ 8 ಪಿನ್ನುಗಳದನ್ನೂ ಕೊಂಡಿ ಸಿಕ್ಕುವವರೆಗೆ ಒತ್ತಬೇಕು. ಎರಡನೆಯದನ್ನು ಮರೆತರೆ ಫ್ಯಾನು ತಿರುಗಿದರೂ ಪರದೆ ಬೆಳಗದು.

ಪವರ್ ಸಪ್ಲೈಯ ಒಳಕವಚವನ್ನು ವಿದ್ಯಾರ್ಥಿಗಳು ಎಂದಿಗೂ ಬಿಚ್ಚಬಾರದು. ಪ್ಲಗ್ಗು ಕಿತ್ತ ಮೇಲೂ ಒಳಗಿನ ಕೆಪ್ಯಾಸಿಟರುಗಳು ವಿದ್ಯುತ್ತನ್ನು ಹಿಡಿದಿಟ್ಟಿರುತ್ತವೆ.

ಕೊನೆಯ ಮಾತು ನೆಲಕ್ಕೆ ಸಂಬಂಧಿಸಿದ್ದು. ಪ್ಲಗ್ಗಿನ ದಪ್ಪ ಪಿನ್ನು ಭೂಸಂಪರ್ಕಕ್ಕಾಗಿ ಇರುವುದು. ಗೋಡೆಯ ಹಿಂದೆ ಆ ತಂತಿಯೇ ಇಲ್ಲದಿದ್ದರೆ ಪೆಟ್ಟಿಗೆಯನ್ನು ಮುಟ್ಟಿದ ಮಗುವಿಗೆ ಆಘಾತ ತಗಲಬಹುದು. ಶಾಲೆಗೆ ಯಂತ್ರಗಳನ್ನು ನೀಡುವ ದಾನಿಗಳು ಕೋಣೆಯ ಭೂಸಂಪರ್ಕಕ್ಕೂ ನೆರವಾದರೆ ಆ ದಾನವು ಪೂರ್ಣವಾಗುತ್ತದೆ.