ಮಕ್ಕಳ ಮನಸ್ಸಿಗೂ ಸಾಗುವಳಿ ಉಂಟು



ರಾಗಿಯ ಪೈರು ಹಳದಿಗೆ ತಿರುಗಿದರೆ ನೀವು "ಈ ಹೊಲದ ಹಣೆಬರಹವೇ ಇಷ್ಟು" ಎಂದು ಕೈಕಟ್ಟಿ ಕೂರುವುದಿಲ್ಲ. ನೀರು ನಿಂತಿತೇ, ಗೊಬ್ಬರ ಸಾಲದಾಯಿತೇ, ಬೇರಿಗೆ ಹುಳು ಬಿದ್ದಿತೇ ಎಂದು ಬಗ್ಗಿ ನೋಡುತ್ತೀರಿ. ಅದೇ ನೀವು, ಮಗ ಲೆಕ್ಕದಲ್ಲಿ ನೂರಕ್ಕೆ ೧೮ ಅಂಕ ತಂದ ದಿನ, "ಇವನ ತಲೆಗೆ ಹತ್ತುವುದಿಲ್ಲ, ನಮ್ಮ ವಂಶದಲ್ಲೇ ಯಾರಿಗೂ ಹತ್ತಲಿಲ್ಲ" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತೀರಿ. ಮಾತು ಆಡಿದವರು ಮರೆಯುತ್ತಾರೆ. ಕೇಳಿಸಿಕೊಂಡ ಹುಡುಗ ಮರೆಯುವುದಿಲ್ಲ. ಮರುದಿನದಿಂದ ಅವನು ಲೆಕ್ಕದ ಪುಸ್ತಕ ತೆರೆಯುವುದನ್ನೇ ಬಿಡುತ್ತಾನೆ. ಎರಡು ವರ್ಷ ಕಳೆದರೆ ಶಾಲೆಯನ್ನೂ ಬಿಟ್ಟಾನು.

ಓದಿನಲ್ಲಿಯೂ ಆಟದಲ್ಲಿಯೂ ಮಕ್ಕಳು ಯಾವಾಗ ಪಟ್ಟುಹಿಡಿದು ಮುಂದುವರಿಯುತ್ತಾರೆ, ಯಾವಾಗ ಕೈಚೆಲ್ಲುತ್ತಾರೆ ಎಂಬುದನ್ನು ಮನಶ್ಶಾಸ್ತ್ರಜ್ಞರು ನೂರಕ್ಕೂ ಹೆಚ್ಚು ವರ್ಷಗಳಿಂದ ಪ್ರಯೋಗ ಮಾಡಿ ನೋಡುತ್ತ ಬಂದಿದ್ದಾರೆ. ಅವರ ವಿಧಾನ ನಿಮಗೆ ಹೊಸದಲ್ಲ. ಒಂದೇ ಹೊಲದಲ್ಲಿ ಎರಡು ತಾಕು ಮಾಡಿ, ಒಂದಕ್ಕೆ ಹೊಸ ಗೊಬ್ಬರ ಹಾಕಿ, ಇನ್ನೊಂದಕ್ಕೆ ಹಾಕದೆ, ಮಿಕ್ಕ ಬೇಸಾಯವನ್ನೆಲ್ಲ ಸಮನಾಗಿ ನಡೆಸಿ, ಸುಗ್ಗಿಯಲ್ಲಿ ಎರಡನ್ನೂ ತೂಗಿ ನೋಡುವುದುಂಟಷ್ಟೆ. ಅವರೂ ಒಂದೇ ವಯಸ್ಸಿನ ಮಕ್ಕಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿ, ಒಂದು ಗುಂಪಿಗೆ ಮಾತ್ರ ಒಂದು ವಿಷಯವನ್ನು ಬದಲಿಸಿ, ಕೊನೆಗೆ ಫಲವನ್ನು ಎಣಿಸುತ್ತಾರೆ. ಇಲ್ಲಿ ಹೇಳುವ ಪ್ರಯೋಗಗಳು ಅಮೆರಿಕದಲ್ಲಿ, ಒಂದು ಮಾತ್ರ ಜರ್ಮನಿಯಲ್ಲಿ, ನಡೆದವು. ನಮ್ಮ ಮನೆಗೆ ಹೊಂದುವಷ್ಟನ್ನು ನಾವು ತೆಗೆದುಕೊಳ್ಳೋಣ.

ಮೊದಲು ಹೊಗಳಿಕೆಯ ಮಾತು. ಹೊಗಳಿದರೆ ಮಗುವಿಗೆ ಹುರುಪು ಬರುತ್ತದೆಂದು ಎಲ್ಲರೂ ಬಲ್ಲೆವು. ಆದರೆ ಏನೆಂದು ಹೊಗಳಬೇಕು? ಕೊಲಂಬಿಯಾ ವಿಶ್ವವಿದ್ಯಾಲಯದ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ ಎಂಬ ಇಬ್ಬರು ವಿದುಷಿಯರು ಐದನೆಯ ತರಗತಿಯ ಮಕ್ಕಳಲ್ಲಿ ಇದನ್ನು ಪರೀಕ್ಷಿಸಿ, ೧೯೯೮ರಲ್ಲಿ ಪ್ರಕಟಿಸಿದರು. ಮಕ್ಕಳಿಗೆ ಆಕೃತಿಗಳನ್ನು ನೋಡಿ ಬಿಡಿಸುವ ಕೆಲವು ಸಮಸ್ಯೆಗಳನ್ನು ಕೊಟ್ಟರು. ಮುಗಿದ ಮೇಲೆ ಎಲ್ಲರಿಗೂ "ಚೆನ್ನಾಗಿ ಮಾಡಿದೆ" ಎಂದರು. ವ್ಯತ್ಯಾಸ ಮಾಡಿದ್ದು ಮುಂದಿನ ಒಂದೇ ವಾಕ್ಯದಲ್ಲಿ. ಕೆಲವರಿಗೆ "ನೀನು ಬುದ್ಧಿವಂತ ಇರಬೇಕು" ಎಂದರು. ಕೆಲವರಿಗೆ "ನೀನು ಬಹಳ ಶ್ರಮಪಟ್ಟಿರಬೇಕು" ಎಂದರು. ಮೂರನೆಯ ಗುಂಪಿಗೆ ಏನನ್ನೂ ಸೇರಿಸಲಿಲ್ಲ. ಗೊಬ್ಬರ ಹಾಕದೆ ಬಿಟ್ಟ ತಾಕು ಅದು ಎನ್ನಿ.

ಬಳಿಕ ಮುಂದಿನ ಸಮಸ್ಯೆಗಳು ಎಂಥವು ಬೇಕು, ಸುಲಭವಾಗಿ ಬಿಡಿಸಿ ಜಾಣರೆನಿಸಿಕೊಳ್ಳುವಂಥವೋ, ತಪ್ಪಾದರೂ ಹೊಸದನ್ನು ಕಲಿಸುವಂಥವೋ ಎಂದು ಕೇಳಿದರು. ಬುದ್ಧಿವಂತರೆಂದು ಹೊಗಳಿಸಿಕೊಂಡವರಲ್ಲಿ ಮೂರರಲ್ಲಿ ಎರಡು ಪಾಲು ಮಕ್ಕಳು ಸುಲಭದ ಕಡೆಗೇ ಹೋದರು. ಶ್ರಮಕ್ಕೆ ಹೊಗಳಿಕೆ ಪಡೆದವರಲ್ಲಿ ನೂರಕ್ಕೆ ೯೦ಕ್ಕೂ ಮಿಕ್ಕವರು ಕಲಿಸುವಂಥದನ್ನು ಬೇಡಿದರು. ಆಮೇಲೆ ಎಲ್ಲರಿಗೂ ಬಲು ಕಠಿಣವಾದ ಸಮಸ್ಯೆಗಳನ್ನು ಕೊಟ್ಟರು, ಎಲ್ಲರೂ ಎಡವಿದರು. ಎಡವಿದ ಮೇಲೆ ಮೊದಲಿನಷ್ಟೇ ಸುಲಭವಾದ ಮೂರನೆಯ ಕಂತನ್ನು ಕೊಟ್ಟಾಗ, "ಬುದ್ಧಿವಂತರು" ಮೊದಲು ಮಾಡಿದಷ್ಟನ್ನೂ ಮಾಡಲಾರದೆ ಹೋದರು. "ಶ್ರಮಪಟ್ಟವರು" ಮೊದಲಿಗಿಂತ ಹೆಚ್ಚು ಬಿಡಿಸಿದರು. ಇನ್ನೂ ಒಂದು ಸಂಗತಿ ನನ್ನ ಮನಸ್ಸನ್ನು ಬಹಳ ಕಲಕಿತು. ಬೇರೆ ಶಾಲೆಯ ಮಕ್ಕಳಿಗೆ ತಮ್ಮ ಅಂಕವನ್ನು ಬರೆದು ತಿಳಿಸಿರೆಂದಾಗ, ಬುದ್ಧಿವಂತರೆನಿಸಿಕೊಂಡವರಲ್ಲಿ ನೂರಕ್ಕೆ ೩೮ ಮಕ್ಕಳು ಸುಳ್ಳು ಅಂಕ ಬರೆದರು. ಶ್ರಮಕ್ಕೆ ಹೊಗಳಿಸಿಕೊಂಡವರಲ್ಲಿ ಹಾಗೆ ಮಾಡಿದವರು ನೂರಕ್ಕೆ ೧೩ ಮಾತ್ರ.

ಕಾರಣವನ್ನು ಊಹಿಸುವುದು ಕಷ್ಟವಲ್ಲ. ಗೆದ್ದಾಗ "ನಿನ್ನ ಬುದ್ಧಿಯೇ ಬುದ್ಧಿ" ಎಂದು ಕೇಳಿದ ಮಗು, ಸೋತಾಗ "ಹಾಗಾದರೆ ನನಗೆ ಬುದ್ಧಿಯಿಲ್ಲ" ಎಂದು ತಾನೇ ಲೆಕ್ಕ ಹಾಕುತ್ತದೆ. ಬುದ್ಧಿ ಇಲ್ಲದಿದ್ದರೆ ಎಲ್ಲಿಂದ ತರುವುದು? ಶ್ರಮ ಸಾಲದಾಯಿತೆಂದರೆ ಇನ್ನಷ್ಟು ಹಾಕಬಹುದು.

ಹಾಗೆಂದು ಸುಮ್ಮನೆ "ಶ್ರಮಪಡು, ಶ್ರಮಪಡು" ಎಂದು ಬೆನ್ನುಹತ್ತಿದರೆ ಏನೂ ಆಗದು. ಕಾಲುವೆ ತಪ್ಪು ದಿಕ್ಕಿಗೆ ತೋಡಿದ್ದರೆ ಎಷ್ಟು ಹೊತ್ತು ನೀರು ಬಿಟ್ಟರೇನು! ಅಂಕ ಕಡಮೆಯಾದಾಗ ಮಗುವಿನ ಪಕ್ಕದಲ್ಲಿ ಕುಳಿತು, "ಯಾವ ಲೆಕ್ಕ ತಪ್ಪಿತು? ಎಲ್ಲಿಯ ತನಕ ಸರಿಯಾಗಿ ಬಂದೆ? ಯಾರನ್ನು ಕೇಳಿದರೆ ತಿಳಿದೀತು?" ಎಂದು ವಿಚಾರಿಸಿ. ಅವನು ಲೆಕ್ಕಕ್ಕೆ ಕೈಯನ್ನೇ ಹಾಕಿರದಿದ್ದರೆ ಸುಳ್ಳು ಹೊಗಳಿಕೆ ಬೇಡ; ಮಕ್ಕಳು ಅದನ್ನು ತಟ್ಟನೆ ಗುರುತಿಸುತ್ತಾರೆ.

ಈ ವಿಷಯದಲ್ಲಿ ಅತಿಯಾಸೆಯೂ ಸಲ್ಲದು. ೨೦೧೯ರಲ್ಲಿ ಡೇವಿಡ್ ಯೇಗರ್ ಮತ್ತು ಸಂಗಡಿಗರು ಅಮೆರಿಕದ ಸುಮಾರು ೧೨,೦೦೦ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳ ಮೇಲೆ ನಡೆಸಿದ ದೊಡ್ಡ ಪ್ರಯೋಗವನ್ನು ಪ್ರಕಟಿಸಿದರು. ಅಭ್ಯಾಸದಿಂದ ಬುದ್ಧಿಶಕ್ತಿ ಬೆಳೆಯುತ್ತದೆಂಬ ಪಾಠವನ್ನು ಒಂದು ಗಂಟೆಗೂ ಕಡಮೆ ಹೊತ್ತು ಕಲಿಸಿ ನೋಡಿದರು. ಓದಿನಲ್ಲಿ ಹಿಂದುಳಿದವರಿಗೆ ಅದರಿಂದ ಲಾಭವಾಯಿತು. ಆದರೆ ೪ ಅಂಕಗಳ ಅಳತೆಯಲ್ಲಿ ಸುಮಾರು ೦.೧ ಅಂಕದಷ್ಟು, ಅಂದರೆ ಸ್ವಲ್ಪವೇ. ಅದೂ ಕಷ್ಟದ ಕೆಲಸಕ್ಕೆ ಕೈಹಾಕುವವರನ್ನು ಜೊತೆಗಾರರು ಗೇಲಿ ಮಾಡದಂಥ ಶಾಲೆಗಳಲ್ಲಿ ಹೆಚ್ಚು. ಒಳ್ಳೆಯ ಬೀಜವೂ ಬಂಡೆಯ ಮೇಲೆ ಮೊಳೆಯದು. ಮನೆಯಲ್ಲಿ ಒಂದು ದಿನ ಒಳ್ಳೆಯ ಮಾತಾಡಿ ಫಲಕ್ಕಾಗಿ ಕಾದು ಕುಳಿತವರಿಗೆ ನಿರಾಶೆಯಾಗುತ್ತದೆ.

ಈಗ ಓದುವ ಕ್ರಮಕ್ಕೆ ಬರೋಣ. ಇದು ನನಗೆ ಎಲ್ಲಕ್ಕಿಂತ ಉಪಯುಕ್ತವೆಂದು ತೋರಿದೆ. ಏಕೆಂದರೆ ಇದಕ್ಕೆ ಕಾಸಿನ ಖರ್ಚಿಲ್ಲ, ತಂದೆತಾಯಿಗೆ ಅಕ್ಷರ ಬಾರದಿದ್ದರೂ ನಡೆಯುತ್ತದೆ. ನಮ್ಮ ಮಕ್ಕಳು ಓದುವುದೆಂದರೆ ಅದೇ ಪುಟವನ್ನು ಗಟ್ಟಿಯಾಗಿ ಹತ್ತು ಸಲ ಓದುವುದು. ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬುವರು ಈ ಕ್ರಮವನ್ನು ತೂಕಕ್ಕೆ ಹಾಕಿ ೨೦೦೬ರಲ್ಲಿ ಪ್ರಕಟಿಸಿದರು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಪಾಠವನ್ನು ನಾಲ್ಕು ಅವಧಿಗಳಲ್ಲಿಯೂ ಓದಿದರು. ಎಲ್ಲ ಸೇರಿ ಸುಮಾರು ೧೪ ಸಲವಾಯಿತು. ಇನ್ನೊಂದು ಗುಂಪಿನವರು ಮೊದಲ ಅವಧಿಯಲ್ಲಿ ಮಾತ್ರ ಓದಿದರು. ಅದು ಮೂರು ಸಲಕ್ಕಿಂತ ಸ್ವಲ್ಪ ಹೆಚ್ಚು. ಉಳಿದ ಮೂರು ಅವಧಿಗಳಲ್ಲಿ ಪಾಠವನ್ನು ನೋಡದೆ ನೆನಪಿದ್ದಷ್ಟನ್ನು ಬರೆದರು.

ಐದು ನಿಮಿಷದ ಅನಂತರ ಕೇಳಿದಾಗ ಓದಿದವರೇ ಮುಂದಿದ್ದರು. ನೂರಕ್ಕೆ ೮೩ ಪಾಲು ನೆನಪು, ಬರೆದವರಿಗೆ ೭೧. ಒಂದು ವಾರ ಬಿಟ್ಟು ಕೇಳಿದಾಗ ಎಲ್ಲ ತಲೆಕೆಳಗಾಯಿತು. ೧೪ ಸಲ ಓದಿದವರಿಗೆ ೪೦ ಪಾಲು ಉಳಿದಿತ್ತು, ನೋಡದೆ ಬರೆದವರಿಗೆ ೬೧. ಮೋಸವೆಲ್ಲಿದೆ ನೋಡಿ: ತಮಗೆ ಚೆನ್ನಾಗಿ ನೆನಪಿರುತ್ತದೆಂದು ಹೆಚ್ಚು ಧೈರ್ಯವಾಗಿ ಹೇಳಿದವರು ಬಾರಿಬಾರಿಗೂ ಓದಿದವರೇ. ಪರೀಕ್ಷೆಯ ಹಿಂದಿನ ರಾತ್ರಿ "ಎಲ್ಲ ಬರುತ್ತದೆ" ಎಂದ ಹುಡುಗಿ ಮರುದಿನ ಅಳುತ್ತ ಬರುವುದು ಸೋಮಾರಿತನದಿಂದಲ್ಲ. ಕಣ್ಣಿಗೆ ಪರಿಚಯವಾದುದನ್ನೇ ತಲೆಯಲ್ಲಿ ನಿಂತಿತೆಂದು ಅವಳು ನಂಬಿದ್ದಳು.

ಆದುದರಿಂದ ಸಂಜೆ ಒಲೆಯ ಮುಂದೆ ರೊಟ್ಟಿ ತಟ್ಟುವ ತಾಯಿ ಮಗಳನ್ನು ಹೀಗೆ ಕೇಳಬಹುದು: "ಪುಸ್ತಕ ಮುಚ್ಚಿಡವ್ವ. ಇವತ್ತು ಮೇಷ್ಟ್ರು ಏನು ಹೇಳಿಕೊಟ್ಟರು, ನನಗೆ ತಿಳಿಯುವ ಹಾಗೆ ಹೇಳು." ತಾಯಿಗೆ ವಿಜ್ಞಾನ ಗೊತ್ತಿರಬೇಕಾಗಿಲ್ಲ. ಮಗಳು ತಡವರಿಸಿದ ಜಾಗ ಅವಳಿಗೇ ತಿಳಿಯುತ್ತದೆ. ಪುಸ್ತಕ ತೆಗೆದು ಅಷ್ಟನ್ನು ನೋಡಿಕೊಳ್ಳಲಿ. ಎರಡು ದಿನ ಬಿಟ್ಟು ಅದೇ ಪಾಠವನ್ನು ಮತ್ತೆ ಕೇಳಿ. ಪಾಠ ಹೇಳಿ ಮುಗಿಸಿದ ಮೇಲೆ ಬೈಗುಳ ಮಾತ್ರ ಬೇಡ. ಬೈದರೆ ಮರುದಿನ ಅವಳು ಒಲೆಯ ಹತ್ತಿರ ಸುಳಿಯುವುದಿಲ್ಲ.

ಬಹುಮಾನದ ವಿಚಾರವನ್ನು ಚುಟುಕಾಗಿ ಹೇಳುತ್ತೇನೆ. ೧೯೭೩ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಚಿತ್ರ ಬರೆಯುವುದೆಂದರೆ ತಾವಾಗಿಯೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳನ್ನು ಆರಿಸಿಕೊಂಡರು. ಬರೆದರೆ ಬಂಗಾರದ ನಕ್ಷತ್ರವೂ ರಿಬ್ಬನ್ನೂ ಇರುವ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಕೆಲವರಿಗೆ ಮಾತು ಕೊಟ್ಟರು. ಒಂದೆರಡು ವಾರಗಳ ಅನಂತರ, ಬಹುಮಾನದ ಮಾತೇ ಇಲ್ಲದಾಗ, ಈ ಮಕ್ಕಳು ಚಿತ್ರ ಬರೆಯಲು ಕಳೆದ ಹೊತ್ತು ಉಳಿದವರ ಅರ್ಧದಷ್ಟಾಗಿತ್ತು. ಹೇಳದೆ ಕೇಳದೆ ಕೊನೆಯಲ್ಲಿ ಬಹುಮಾನ ಪಡೆದವರ ಆಸಕ್ತಿ ಕುಗ್ಗಿರಲಿಲ್ಲ. ಮಗು ತಾನಾಗಿಯೇ ಖುಷಿಯಿಂದ ಮಾಡುವ ಕೆಲಸಕ್ಕೆ ಸೈಕಲ್ಲಿನ ಆಸೆ ಕಟ್ಟಬೇಡಿ. ಸೈಕಲ್ಲು ಶಾಲೆಗೆ ಹೋಗಲು ಬೇಕಾದರೆ, ಬೇಕೆಂದೇ ಕೊಡಿಸಿ.

ಇನ್ನು ಆಟದ ಮಾತು. ೧೮೯೮ರಷ್ಟು ಹಿಂದೆಯೇ ಅಮೆರಿಕದ ನಾರ್ಮನ್ ಟ್ರಿಪ್ಲೆಟ್ ಎಂಬಾತ ೪೦ ಮಕ್ಕಳಿಗೆ ಮೀನು ಹಿಡಿಯುವ ದಾರದ ರಾಟೆಯನ್ನು ಸುತ್ತಲು ಕೊಟ್ಟು, ಒಬ್ಬೊಬ್ಬರೇ ಸುತ್ತುವುದಕ್ಕೂ ಪಕ್ಕದಲ್ಲಿ ಸ್ಪರ್ಧಿ ಇರುವಾಗ ಸುತ್ತುವುದಕ್ಕೂ ಇರುವ ವ್ಯತ್ಯಾಸವನ್ನು ಅಳೆದ. ೨೦ ಮಕ್ಕಳು ಪಂದ್ಯದಲ್ಲಿ ಚುರುಕಾದರು. ೧೦ ಮಕ್ಕಳಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಉಳಿದ ೧೦ ಮಕ್ಕಳು ಗೆಲ್ಲುವ ಉದ್ವೇಗದಲ್ಲಿ ಬಿಗಿದುಕೊಂಡು ನಿಧಾನವಾದರು. ಊರ ಬಯಲಿನಲ್ಲಿ ಚಿಗರೆಯಂತೆ ಓಡುವ ಹುಡುಗ ತಾಲ್ಲೂಕಿನ ಕ್ರೀಡಾಕೂಟದಲ್ಲಿ ಕಾಲು ಬಾರದೆ ನಿಂತದ್ದನ್ನು ಕಂಡವರಿಗೆ ಈ ೧೦ ಮಕ್ಕಳು ಯಾರೆಂದು ಹೇಳಬೇಕಾಗಿಲ್ಲ. ಅಂಥವನಿಗೆ "ಊರ ಮಾನ ನಿನ್ನ ಕೈಯಲ್ಲಿದೆ" ಎಂದು ಇನ್ನಷ್ಟು ಹೊರೆ ಹೊರಿಸುವುದು ತಪ್ಪು.

೨೦೦೮ರ ಬೀಜಿಂಗ್ ಒಲಿಂಪಿಕ್ಸಿನ ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಕೊನೆಯ ಗುಂಡು ಉಳಿದಿದ್ದಾಗ ನಮ್ಮ ಅಭಿನವ್ ಬಿಂದ್ರಾ ಮತ್ತು ಫಿನ್ಲೆಂಡಿನ ಹೆನ್ರಿ ಹಾಕಿನೆನ್ ಸಮ ಅಂಕದಲ್ಲಿದ್ದರು. ಹಾಕಿನೆನ್ ೯.೭ ಹೊಡೆದರು, ಬಿಂದ್ರಾ ೧೦.೮. ಒಬ್ಬ ಭಾರತೀಯನಿಗೆ ವೈಯಕ್ತಿಕವಾಗಿ ದೊರೆತ ಮೊದಲ ಒಲಿಂಪಿಕ್ ಚಿನ್ನ ಅದು. ಇಬ್ಬರೂ ಅದೇ ಗುರಿಯನ್ನು ಸಾವಿರಾರು ಸಲ ಹೊಡೆದವರೇ. ಆ ಒಂದು ಕ್ಷಣದಲ್ಲಿ ಉಸಿರನ್ನೂ ಗಮನವನ್ನೂ ಹಿಡಿದಿಡುವುದು ಬೇರೆಯೇ ಒಂದು ವಿದ್ಯೆ; ಅದನ್ನೂ ಅಭ್ಯಾಸ ಮಾಡಬೇಕಾಗುತ್ತದೆ.

ಅದರ ಒಂದು ಕ್ರಮ ಕಣ್ಣುಮುಚ್ಚಿ ಮನಸ್ಸಿನಲ್ಲೇ ಆಟವನ್ನು ನಡೆಸಿ ನೋಡುವುದು. ೧೯೮೩ರಲ್ಲಿ ಡೆಬೋರಾ ಫೆಲ್ಟ್ಸ್ ಮತ್ತು ಡೇನಿಯಲ್ ಲ್ಯಾಂಡರ್ಸ್ ಎಂಬುವರು ಇಂಥ ೬೦ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಏನೂ ಮಾಡದಿರುವುದಕ್ಕಿಂತ ಇದರಿಂದ ಖಂಡಿತವಾಗಿ ಪ್ರಯೋಜನವಿದೆಯೆಂದು ಕಂಡುಬಂತು. ಬಯಲಿನಲ್ಲಿ ಮೈಬಗ್ಗಿಸಿ ಮಾಡುವ ಅಭ್ಯಾಸಕ್ಕೆ ಇದು ಬದಲಿಯಲ್ಲ, ಜೊತೆಗೆ ಸೇರಿಸಬೇಕಾದದ್ದು. ಕಬಡ್ಡಿಯ ಹುಡುಗ ಮಲಗುವ ಮುನ್ನ ತಾನು ಗೆರೆ ದಾಟುವುದು, ಎದುರಾಳಿ ಕಾಲಿಗೆ ಬೀಳುವುದು, ತಾನು ಮೈ ತಿರುಗಿಸಿ ಗೆರೆ ಮುಟ್ಟುವುದು, ಹೀಗೆ ಒಂದೊಂದು ಹೆಜ್ಜೆಯನ್ನೂ ನೆನೆಯಲಿ. ಕೊರಳಿಗೆ ಹಾರ ಬಿದ್ದುದನ್ನು ನೆನೆಯುತ್ತ ನಿದ್ದೆಹೋದರೆ ಕಲಿತಂತಾಗಲಿಲ್ಲ.

ಕೊನೆಯದಾಗಿ ವೇಳೆಯ ವಿಷಯ. ಜರ್ಮನಿಯ ಪೀಟರ್ ಗೋಲ್ವಿಟ್ಸರ್ ಮತ್ತು ವೆರೋನಿಕಾ ಬ್ರಾಂಡ್‌ಸ್ಟೆಟರ್ ಎಂಬುವರು ೧೯೯೭ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕ್ರಿಸ್‌ಮಸ್ ಹಬ್ಬದ ಮುನ್ನಾದಿನವನ್ನು ಹೇಗೆ ಕಳೆದರೆಂದು ಎರಡು ದಿನಗಳೊಳಗೆ ಬರೆದು ಕಳಿಸಲು ವಿದ್ಯಾರ್ಥಿಗಳಿಗೆ ಹೇಳಿದ್ದರು. ಎಲ್ಲಿ, ಯಾವ ಹೊತ್ತಿನಲ್ಲಿ ಕುಳಿತು ಬರೆಯುತ್ತೇನೆಂದು ಮೊದಲೇ ಗೊತ್ತುಮಾಡಿಕೊಂಡವರಲ್ಲಿ ನಾಲ್ವರಲ್ಲಿ ಸುಮಾರು ಮೂವರು ಬರೆದರು. ಬರೆಯುತ್ತೇನೆಂದು ಒಪ್ಪಿಕೊಂಡು ಸುಮ್ಮನಾದವರಲ್ಲಿ ಮೂವರಲ್ಲಿ ಒಬ್ಬರಷ್ಟೇ. "ನಾಳೆಯಿಂದ ಚೆನ್ನಾಗಿ ಓದುತ್ತೇನೆ" ಎಂಬ ಮಾತಿಗೆ ಎಷ್ಟು ಬೆಲೆಯೆಂಬುದು ಇದರಿಂದ ತಿಳಿಯುತ್ತದೆ. "ಡೇರಿಗೆ ಹಾಲು ಹಾಕಿ ಬಂದು ಕೈಕಾಲು ತೊಳೆದ ಕೂಡಲೇ, ಪಡಸಾಲೆಯ ಕಿಟಕಿಯ ಹತ್ತಿರ ಕುಳಿತು ಲೆಕ್ಕ ಮಾಡುತ್ತೇನೆ" ಎಂದು ಮಗು ತನ್ನ ಬಾಯಲ್ಲೇ ಹೇಳಲಿ. ಹಾಗೆ ಹೇಳಿದ ಮೇಲೆ ಆ ಹೊತ್ತಿಗೆ ಎಮ್ಮೆ ಹೊಡೆದುಕೊಂಡು ಬರಲು ಅವನನ್ನು ಕಳಿಸುವ ಅಭ್ಯಾಸವನ್ನು ನೀವು ಬಿಡಬೇಕಾಗುತ್ತದೆ. ಕೊಯ್ಲು, ಒಕ್ಕಣೆಯ ದಿನಗಳಲ್ಲಿ ಅದು ಸಾಧ್ಯವಾಗದಿದ್ದರೆ ಬೇರೆ ಹೊತ್ತನ್ನು ಅವನೊಡನೆಯೇ ಕುಳಿತು ಗೊತ್ತುಮಾಡಿ.

ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನದ ಬಗ್ಗೆ ಒಂದು ಮಾತು ಹೇಳದೆ ಮುಗಿಸಲಾರೆ. ಮಗು ನಪಾಸಾಗಿ ಬಂದರೆ ಆ ರಾತ್ರಿ ಲೆಕ್ಕಾಚಾರ ಬೇಡ, ಪಕ್ಕದ ಮನೆಯ ಹುಡುಗನ ಅಂಕದ ಮಾತು ಬೇಡ. ಅವನನ್ನು ಒಂಟಿಯಾಗಿ ಬಿಡಬೇಡಿ. ಜೊತೆಯಲ್ಲಿ ಕೂರಿಸಿಕೊಂಡು ಊಟಮಾಡಿ. ಅದೇ ವರ್ಷದಲ್ಲಿ ಪರೀಕ್ಷೆಯನ್ನು ಮತ್ತೆ ಬರೆಯಲು ಅವಕಾಶವಿದೆ. ಯಾವ ವಿಷಯ, ಯಾವ ತಾರೀಖು, ಯಾರ ಬಳಿ ಹೇಳಿಸಿಕೊಳ್ಳುವುದು ಎಂಬುದನ್ನು ಎರಡು ದಿನ ಕಳೆದ ಮೇಲೆ ಅವನೊಡನೆ ಶಾಲೆಗೆ ಹೋಗಿ ಮೇಷ್ಟರನ್ನು ಕೇಳಿ.