ಚಂದ್ರಿಕೆಗೆ ಕಟ್ಟಿದ ಬಿಳಿ ಪಂಚೆ

ಶಿಡ್ಲಘಟ್ಟದಲ್ಲಿ ಹತ್ತಡಿಗೆ ಹನ್ನೆರಡಡಿಯ ಮಳಿಗೆ ಹಿಡಿದು ಸ್ಟುಡಿಯೋ ಹಾಕಿದಾಗ ಲೈಟಿಗೆ ಅಂತ ಎತ್ತಿಟ್ಟಿದ್ದು ಇಪ್ಪತ್ತು ಸಾವಿರ. ಅದರಲ್ಲಿ ಹದಿನಾಲ್ಕು ಸಾವಿರಕ್ಕೆ ಬೆಂಗಳೂರಿನಿಂದ ಮೂರು ಎಲ್‌ಇಡಿ ಲೈಟಿನ ಕಿಟ್ ತಂದುಬಿಟ್ಟೆ. ಮೂರು ಲೈಟು ನಿಂತಿದ್ದರೆ ಸ್ಟುಡಿಯೋ, ಒಂದೇ ಇದ್ದರೆ ಯಾರ ಮನೆಯ ಹಜಾರವೋ ಅನ್ನುವುದು ಆಗಿನ ನನ್ನ ಲೆಕ್ಕ.

ಪಾಸ್‌ಪೋರ್ಟ್ ಸೈಜಿನ ಫೋಟೊಗೆ ತೊಂದರೆ ಇರಲಿಲ್ಲ, ಕೂತವರು ಅಲ್ಲಾಡುವುದಿಲ್ಲ. ಚಿಂತಾಮಣಿಯವರೊಬ್ಬರು ವರ್ಷದ ಮಗುವನ್ನು ಕರೆತಂದ ದಿನ ಬಣ್ಣ ಬಯಲಾಯಿತು. ಮೂರೂ ಲೈಟು ಪೂರ್ತಿ ಉರಿಸಿದರೂ ಶಟರ್ 1/60ಕ್ಕಿಂತ ಮೇಲೆ ಹೋಗಲಿಲ್ಲ. ಮಗುವಿನ ಕೈಕಾಲೆಲ್ಲ ಮಸುಕು. ಐಎಸ್‌ಒ ಏರಿಸಿದರೆ ಮುಖದ ತುಂಬಾ ರವೆ ಚೆಲ್ಲಿದ ಹಾಗೆ. ಕಣ್ಣು ಕುಕ್ಕುವ ಬೆಳಕು ಕ್ಯಾಮೆರಾಗೆ ಸಾಕಾಗುತ್ತದೆ ಅಂತೇನಿಲ್ಲ. ಫ್ಲ್ಯಾಶ್ ಆದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತಿನಲ್ಲಿ ತನ್ನ ಬೆಳಕನ್ನೆಲ್ಲ ಸುರಿದು ಮುಗಿಸುತ್ತದೆ. ಮಗು ಅಷ್ಟರೊಳಗೆ ಎಲ್ಲಿಗೆ ಓಡೀತು?

ಗೌರಿಬಿದನೂರಿನ ಮದುವೆ ವಿಡಿಯೊದವರಿಗೆ ಎರಡು ಎಲ್‌ಇಡಿಯನ್ನು ಅರ್ಧ ಬೆಲೆಗೆ ಕೊಟ್ಟೆ. ವಿಡಿಯೊಗೆ ಅವು ಒಳ್ಳೆಯವೇ. ಬಂದ ಹಣದಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಮ್ಯಾನ್ಯುಯಲ್ ಫ್ಲ್ಯಾಶ್, ಟ್ರಿಗರ್, ಬಿಳಿ ಛತ್ರಿ ಬಂದವು. ಮೊದಲ ದಿನವೇ ಹುಮ್ಮಸ್ಸಿನಲ್ಲಿ ಶಟರ್ 1/500 ಇಟ್ಟು, ಅರ್ಧ ಫೋಟೊಗೆ ಕಪ್ಪು ಪಟ್ಟಿ ಬರಿಸಿಕೊಂಡೆ. ಆ ವೇಗದಲ್ಲಿ ಶಟರಿನ ಎರಡು ಪರದೆಗಳ ನಡುವೆ ಬರೀ ಸಂದಿ ಓಡುತ್ತದೆ, ಸೆನ್ಸರ್ ಪೂರ್ತಿ ತೆರೆದುಕೊಳ್ಳುವುದೇ ಇಲ್ಲ. ಫ್ಲ್ಯಾಶ್ ಜೊತೆಗೆ ನನ್ನ ಕ್ಯಾಮೆರಾದ ಮಿತಿ 1/200.

ಇನ್ನೊಂದು ಪಾಠ ಕಲಿಸಿದ್ದು ರೇಷ್ಮೆಗೂಡು. ಪರಿಚಯದ ರೈತರೊಬ್ಬರು ಹಳದಿ ಗೂಡು ತಂದು, ಫೋಟೊ ತೆಗೆದುಕೊಡಿ, ಗೂಡು ಕೊಂಡು ನೂಲು ಬಿಚ್ಚುವ ರೀಲರ್‌ಗೆ ಕಳಿಸಬೇಕು ಅಂದರು. ತೆಗೆದು ತೋರಿಸಿದೆ.

“ಇದೇನಣ್ಣಾ, ನಮ್ಮ ಗೂಡು ಹಿಂಗ್ ಹಸಿರಾಗೈತೆ? ಇದ್ನ ನೋಡಿ ಯಾವ ರೀಲರ್ ರೇಟ್ ಕೂಗ್ತಾನೆ?”

ಫ್ಲ್ಯಾಶನ್ನೇ ಬೈದುಕೊಂಡೆ. ಅದೇ ಫ್ಲ್ಯಾಶ್, ಅದೇ ಗೂಡು ಹೊರಗೆ ತಂದು ಜಗಲಿ ಮೇಲೆ ತೆಗೆದರೆ ಅಚ್ಚ ಹಳದಿ. ಒಳಗೆ ಬಂದರೆ ಮತ್ತೆ ಹಸಿರು. ಆಮೇಲೆ ತಲೆ ಎತ್ತಿ ನೋಡಿದೆ: ನಾಲ್ಕೂ ಗೋಡೆಗೆ ಗಿಳಿಹಸಿರು ಡಿಸ್ಟೆಂಪರ್, ಶುಭ ಅಂತ ಅಮ್ಮ ಹೊಡೆಸಿದ್ದು. ಛತ್ರಿ ಬೆಳಕನ್ನು ದಿಕ್ಕುದಿಕ್ಕಿಗೂ ಚೆಲ್ಲುತ್ತದೆ. ಸಣ್ಣ ಕೋಣೆಯಲ್ಲಿ ಅದು ಗೋಡೆಗೆ ಬಡಿದು, ಗೋಡೆಯ ಬಣ್ಣ ಹೊತ್ತುಕೊಂಡೇ ವಾಪಸು ಬರುತ್ತದೆ. ಅಷ್ಟು ದಿನ ಎಷ್ಟು ಜನರ ಕೆನ್ನೆಗೆ ಹಸಿರು ಬಳಿದು ಕಳಿಸಿದ್ದೆನೋ! ಎರಡು ಕೋಟ್ ಬಿಳಿ ಹೊಡೆಸಿದೆ. ಅಮ್ಮ ಒಂದು ವಾರ ಮಾತು ಬಿಟ್ಟಿದ್ದರು.

ರಿಫ್ಲೆಕ್ಟರ್ ಕೊಳ್ಳಲು ದುಡ್ಡು ಉಳಿದಿರಲಿಲ್ಲ. ಆ ರೈತರ ಮನೆಯ ಹಿತ್ತಲಲ್ಲಿ ಹಳೆಯ ಚಂದ್ರಿಕೆ ಬಿದ್ದಿತ್ತು. ಹಣ್ಣಾದ ಹುಳು ಗೂಡು ಕಟ್ಟಲಿ ಅಂತ ಬಿಡುವ ಬಿದಿರಿನ ತಟ್ಟಿ ಅದು. ತಂದು, ಬಿಳಿ ಪಂಚೆ ಬಿಗಿದು, ಕೂತವರ ಬಲಕ್ಕೆ ಒರಗಿಸಿದೆ, ಎಡದಲ್ಲಿ ಛತ್ರಿ. ಮುಖದ ಕತ್ತಲು ಬದಿ ಮೆತ್ತಗೆ ತೆರೆದುಕೊಂಡಿತು. ನಮ್ಮ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಸಿನಿಮಾದಲ್ಲಿ ಆ ಹೆಸರಾದ ಬೆಳಕಿನ ಕೋಲನ್ನು ಮೂಡಿಸಿದ್ದೇ ಕನ್ನಡಿಯಲ್ಲಿ ಬಿಸಿಲು ತಿರುಗಿಸಿ. ನನ್ನ ಪಂಚೆಗೆ ಅಷ್ಟು ಮಾನ ಬೇಡ, ಆದರೂ ನಾಚಿಕೆಯೇನೂ ಆಗಲಿಲ್ಲ.

ಜರಿ ಸೀರೆಗೂ ಇದೇ ಜೋಡಿ. ಕ್ಯಾಮೆರಾ ಮೇಲಿನ ಫ್ಲ್ಯಾಶ್‌ಗೆ ಜರಿ ಸುಟ್ಟ ಹಾಗೆ ಬೆಳ್ಳಗಾಗುತ್ತದೆ. ಪಕ್ಕದ ದೊಡ್ಡ ಬೆಳಕಿಗೆ ನೆರಿಗೆ ನೆರಿಗೆಯೂ ಕಾಣುತ್ತದೆ. ಛತ್ರಿಯನ್ನು ಆರಡಿಯಿಂದ ಮೂರಡಿಗೆ ತಂದರೆ ಬೆಳಕು ನಾಲ್ಕು ಪಟ್ಟು, ನೆರಳೂ ಮೃದು. ಪವರ್ ಇಳಿಸಬಹುದು, ಸೆಲ್ ಉಳಿಯುತ್ತದೆ. ಸ್ಟ್ಯಾಂಡಿನ ಬುಡಕ್ಕೆ ಮರಳಿನ ಚೀಲ ಮರೆತು ಫ್ಯಾನ್ ಹಾಕಬಾರದು ಅಷ್ಟೆ; ಒಂದು ಛತ್ರಿಯ ಕಡ್ಡಿ ಹಾಗೇ ಮುರಿಯಿತು.

ಕಿಟ್ಟಿನಲ್ಲಿ ಉಳಿದ ಒಂದು ಎಲ್‌ಇಡಿ ಈಗ ಫ್ರೇಮ್ ಹಾಕುವ ಮೇಜಿನ ಮೇಲಿದೆ, ಬಿದ್ದ ಮೊಳೆ ಹುಡುಕೋದಕ್ಕೆ.