ಒಂದು ಗೋಲಿನ ಅಂತರ

ಆಟದಲ್ಲಿ ಸೋಲು ಗೆಲುವುಗಳು ಸಹಜವೆಂದು ಹೇಳುವವರು ಸಾಮಾನ್ಯವಾಗಿ ಆಟವನ್ನು ನೋಡದೆ ಇದ್ದವರು. ನೋಡುತ್ತ ಕುಳಿತವನಿಗೆ ಸೋಲು ಎಂದೂ ಸಹಜವಾಗಿ ತೋರುವುದಿಲ್ಲ. ಸೋಲಿನಲ್ಲಿಯೂ ಎರಡು ಬಗೆಯುಂಟು. ತಾನು ಮೆಚ್ಚಿದ ತಂಡ ಐದಾರು ಗೋಲುಗಳಿಂದ ಸೋತರೆ ಅಭಿಮಾನಿಯು ನಿಟ್ಟುಸಿರುಬಿಟ್ಟು, ಮನೆಗೆ ಬಂದು, ಉಂಡು ಮಲಗುತ್ತಾನೆ. ಒಂದೇ ಗೋಲಿನಿಂದ ಸೋತರೆ ಅವನಿಗೆ ನಿದ್ದೆ ಬಾರದು. ಹಾಸಿಗೆಯಲ್ಲಿ ಹೊರಳುತ್ತ ಆ ಪಂದ್ಯವನ್ನು ಮತ್ತೆ ಮೊದಲಿನಿಂದ ಆಡಿಸುತ್ತಾನೆ. ಈ ಎರಡನೆಯ ಪಂದ್ಯದಲ್ಲಿ ಗೆಲ್ಲುವುದು ಅವನ ತಂಡವೇ.

ಬೆಂಗಳೂರು ಎಫ್.ಸಿ. ಎಂಬ ಕಾಲ್ಚೆಂಡಿನ ತಂಡವನ್ನು ನೆಚ್ಚಿಕೊಂಡ ನನ್ನಂಥವರಿಗೆ ಇಂತಹ ರಾತ್ರಿಗಳು ಹೊಸವಲ್ಲ. 2016ರಲ್ಲಿ ದೋಹಾ ನಗರದಲ್ಲಿ ನಡೆದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯದಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ ಒಂದು ಗೋಲಿನಿಂದ ಸೋತೆವು. 2023ರಲ್ಲಿ ಗೋವೆಯಲ್ಲಿ ಸಮಬಲವಾಗಿ ಆಡಿಯೂ ಪೆನಾಲ್ಟಿ ಒದೆತಗಳಲ್ಲಿ ಸೋತೆವು. 2025ರಲ್ಲಿ ಕೋಲ್ಕತ್ತದಲ್ಲಿ ಹೆಚ್ಚುವರಿ ಸಮಯದ ಒಂದು ಗೋಲಿನಿಂದ ಸೋತೆವು. ನಾನು ‘ಸೋತೆವು’ ಎನ್ನುತ್ತಿದ್ದೇನೆ. ಚೆಂಡನ್ನು ನಾನು ಬೆರಳಿನಿಂದಲೂ ಮುಟ್ಟಿದವನಲ್ಲ. ಅಭಿಮಾನಿಯ ವ್ಯಾಕರಣದಲ್ಲಿ ಇರುವುದು ಉತ್ತಮ ಪುರುಷ ಬಹುವಚನವೊಂದೇ.

ಇವೆಲ್ಲಕ್ಕಿಂತ ಆಳವಾಗಿ ನನ್ನ ಮನಸ್ಸಿನಲ್ಲಿ ನಾಟಿರುವುದು 2018ನೆಯ ಇಸವಿ ಮಾರ್ಚ್ 17ರ ಪಂದ್ಯ. ಬೆಂಗಳೂರು ತಂಡವು ಇಂಡಿಯನ್ ಸೂಪರ್ ಲೀಗ್ ಪಂದ್ಯಾವಳಿಯನ್ನು ಸೇರಿದ ಮೊದಲ ವರ್ಷ ಅದು. ಲೀಗಿನ 18 ಪಂದ್ಯಗಳಿಂದ 40 ಅಂಕಗಳನ್ನು ಗಳಿಸಿ ತಂಡವು ಮೊದಲ ಸ್ಥಾನದಲ್ಲಿ ನಿಂತಿತ್ತು. ಎರಡನೆಯ ಸ್ಥಾನದ ಚೆನ್ನೈಯಿನ್ ಎಫ್.ಸಿ. ಗಳಿಸಿದ್ದು 32. ಆದರೆ ಪ್ರಶಸ್ತಿಯು ಆಗ ಅಂಕಪಟ್ಟಿಯಿಂದ ದೊರೆಯತಕ್ಕದ್ದಾಗಿರಲಿಲ್ಲ. ಮೊದಲ ನಾಲ್ಕು ತಂಡಗಳು ಮತ್ತೆ ಸೆಣಸಿ, ಅಂತಿಮ ಪಂದ್ಯವನ್ನು ಗೆದ್ದವರಿಗೆ ಸಲ್ಲತಕ್ಕದ್ದಾಗಿತ್ತು. ಆ ಪಂದ್ಯವೋ ನಮ್ಮ ಕಂಠೀರವ ಕ್ರೀಡಾಂಗಣದಲ್ಲಿಯೇ, ಅದೂ ಆ ಚೆನ್ನೈ ತಂಡದೊಡನೆಯೇ!

ನಾನಾಗ ಇನ್ನೂ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಜೊತೆಯಲ್ಲಿ ನನ್ನ ತಂಗಿಯ ಮಗ ಬಂದಿದ್ದ. ನಿಮ್ಮಂತೆಯೇ ಒಂಬತ್ತನೆಯ ತರಗತಿಯ ಹುಡುಗ. ವಾರ್ಷಿಕ ಪರೀಕ್ಷೆ ಹತ್ತಿರವಿದ್ದುದರಿಂದ ಅವನ ತಾಯಿಯನ್ನು ಒಪ್ಪಿಸುವುದೇ ಒಂದು ಪಂದ್ಯವಾಗಿತ್ತು. ಒಂಬತ್ತನೆಯ ನಿಮಿಷದಲ್ಲಿ ಬಲಬದಿಯಿಂದ ಉದಾಂತ ಸಿಂಗ್ ತೂರಿದ ಚೆಂಡಿಗೆ ನಾಯಕ ಸುನಿಲ್ ಛೇತ್ರಿ ಮುಂದಕ್ಕೆ ಚಿಮ್ಮಿ ತಲೆಯೊಡ್ಡಿದರು. ಗೋಲು! ನೀಲಿ ಅಂಗಿಗಳ ಸಮುದ್ರವೇ ಎದ್ದು ನಿಂತಿತು. ಕಪ್ಪು ಕೈಗೆ ಬಂದಿತೆಂದೇ ನಾನು ನಂಬಿದೆ.

ರಕ್ಷಿಸುವ ತಂಡದವರಿಗೆ ತಗುಲಿದ ಚೆಂಡು ಅವರದೇ ಗೋಲುಗೆರೆಯನ್ನು ದಾಟಿ ಹೊರಗೆ ಹೋದರೆ ಎದುರಾಳಿಗೆ ಮೈದಾನದ ಮೂಲೆಯಿಂದ ಒದೆಯುವ ಅವಕಾಶ ದೊರೆಯುತ್ತದೆ, ಅದೇ ಕಾರ್ನರ್. ಹದಿನೇಳನೆಯ ನಿಮಿಷದಲ್ಲಿ ಚೆನ್ನೈಗೆ ಅಂಥದೊಂದು ಅವಕಾಶ ಒದಗಿತು. ಬ್ರೆಜಿಲ್ ದೇಶದ ಮೈಲ್ಸನ್ ಆಲ್ವೆಸ್ ಎಲ್ಲರಿಗಿಂತ ಮೇಲೆ ನೆಗೆದು ಚೆಂಡನ್ನು ತಲೆಯಿಂದ ಗೋಲಿನೊಳಕ್ಕೆ ತಳ್ಳಿದರು. ವಿರಾಮಕ್ಕೆ ಸ್ವಲ್ಪ ಮೊದಲು ಮತ್ತೊಂದು ಕಾರ್ನರ್. ಮತ್ತೆ ಅದೇ ಆಲ್ವೆಸ್, ಅದೇ ನೆಗೆತ, ಅದೇ ಫಲ. ವಿರಾಮದ ಬಳಿಕ 67ನೆಯ ನಿಮಿಷದಲ್ಲಿ ರಫೇಲ್ ಆಗಸ್ಟೊ ಮೂರನೆಯದನ್ನು ಸೇರಿಸಿದರು. ತೊಂಬತ್ತು ನಿಮಿಷಗಳು ಕಳೆದು, ಗಾಯ ಮೊದಲಾದವುಗಳಿಂದ ನಷ್ಟವಾದ ಹೊತ್ತನ್ನು ಆಡುತ್ತಿದ್ದಾಗ ಮಿಕು ನಮಗೊಂದು ಗೋಲು ತಂದರು. 3–2. ಅದುವರೆಗೆ ಮುಖ ಮುಚ್ಚಿಕೊಂಡು ಕುಳಿತಿದ್ದವರೆಲ್ಲ ಮತ್ತೆ ಎದ್ದರು. ಆ ಗೋಲು ಬಾರದೆ ಹೋಗಿದ್ದರೇ ಒಳ್ಳೆಯದಿತ್ತೇನೋ. ಆಸೆಗೆ ಅಷ್ಟು ಕಡಮೆ ಆಯುಸ್ಸನ್ನು ಕೊಡಬಾರದು. ತೀರ್ಪುಗಾರರ ಸಿಳ್ಳು ಕೇಳಿಸಿತು.

ಚೆನ್ನೈ ಆಟಗಾರರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿಯುತ್ತಿದ್ದರು.

“ಮಾವ, ಕಪ್ ಕೊಡೋದನ್ನ ನೋಡ್ಕೊಂಡು ಹೋಗೋಣ,” ಎಂದ ಹುಡುಗ.

“ಅದರಲ್ಲಿ ನೋಡುವುದಕ್ಕೇನಿದೆ? ಏಳು, ಬಸ್ಸು ತಪ್ಪುತ್ತದೆ,” ಎಂದು ಅವನ ಕೈ ಹಿಡಿದು ಎಬ್ಬಿಸಿದೆ.

ಬಸ್ಸಿಗೆ ಬೇಕಾದಷ್ಟು ಹೊತ್ತಿತ್ತು. ಶಾಲೆಯ ಕ್ರೀಡಾದಿನಗಳಲ್ಲಿ ಸೋತ ತಂಡದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಗೆದ್ದವರಿಗೆ ಚಪ್ಪಾಳೆ ತಟ್ಟಿಸುತ್ತಿದ್ದ ಮೇಷ್ಟ್ರು ನಾನು. ಆ ದಿನ ನನ್ನ ಎರಡು ಕೈಗಳೂ ಒಂದನ್ನೊಂದು ಸೇರಲಿಲ್ಲ.

ದಾರಿಯುದ್ದಕ್ಕೂ ನಾವಿಬ್ಬರೂ ತಪ್ಪು ಯಾರದೆಂದು ಹುಡುಕುತ್ತ ಬಂದೆವು. ಆ ಆಲ್ವೆಸನನ್ನು ಕಾಯಬೇಕಾಗಿದ್ದವರು ಯಾರು? ಎರಡನೆಯ ಸಲವಾದರೂ ಎಚ್ಚರ ಬೇಡವೆ? ಎಂಟು ಅಂಕ ಮುಂದಿದ್ದ ತಂಡ ಸೋಲುವುದೆಂದರೆ ಅದೃಷ್ಟವಲ್ಲದೆ ಇನ್ನೇನು? ಹೀಗೆ ಮಾತನಾಡುತ್ತಿರುವಾಗ ನನ್ನ ಬಾಯಿಂದ ಬರುತ್ತಿರುವುದು ನನ್ನ ತಂದೆಯವರ ಮಾತೆಂದು ಥಟ್ಟನೆ ಹೊಳೆಯಿತು.

ನಮ್ಮ ತಂದೆಯವರು ಬೆಂಗಳೂರಿನ ದಂಡು ಪ್ರದೇಶದಲ್ಲಿ ಬರಿಗಾಲಿನಲ್ಲಿ ಚೆಂಡಾಡಿ ಬೆಳೆದವರು. ಅವರ ಪಾಲಿಗೆ ಸೋಲೆಂದರೆ 1948ರ ಜುಲೈ 31. ಸ್ವತಂತ್ರ ಭಾರತದ ಕಾಲ್ಚೆಂಡಿನ ತಂಡವು ಮೊಟ್ಟಮೊದಲು ಒಲಿಂಪಿಕ್ ಕ್ರೀಡಾಕೂಟದಲ್ಲಿ ಆಡಿದ ದಿನವದು. ಸ್ಥಳ ಲಂಡನ್ನಿನ ಇಲ್‌ಫರ್ಡ್, ಎದುರಾಳಿ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿಯೇ ಆಡಿದರು. ನಾಗಾ ನಾಡಿನ ತಾಲಿಮೆರೆನ್ ಆವೊ ನಾಯಕ. ಬೆಂಗಳೂರಿನ ಅಹಮದ್ ಖಾನ್ ತಂಡದಲ್ಲಿದ್ದರು. ಫ್ರಾನ್ಸ್ ಮೊದಲು ಗೋಲು ಗಳಿಸಿತು. ನಮ್ಮ ಮೈಸೂರು ಸೀಮೆಯ ಸಾರಂಗಪಾಣಿ ರಾಮನ್ 70ನೆಯ ನಿಮಿಷದಲ್ಲಿ ಅದನ್ನು ಸರಿಗಟ್ಟಿದರು. ಪಂದ್ಯ ಮುಗಿಯಲು ಒಂದೆರಡು ನಿಮಿಷಗಳಿರುವಾಗ ಫ್ರಾನ್ಸಿಗೆ ಇನ್ನೊಂದು ಗೋಲು ದೊರೆತು 2–1ರಿಂದ ಭಾರತ ಸೋತಿತು. ಆದರೆ ತಂದೆಯವರನ್ನು ಕಾಡುತ್ತಿದ್ದುದು ಅದಲ್ಲ. ಭಾರತಕ್ಕೆ ಆ ದಿನ ಎರಡು ಪೆನಾಲ್ಟಿಗಳು ದೊರೆತಿದ್ದುವು. ಒಂದನ್ನು ಶೈಲೇನ್ ಮನ್ನಾ ಒದೆದರು, ಇನ್ನೊಂದನ್ನು ಮಹಾವೀರ ಪ್ರಸಾದ್. ಎರಡೂ ವ್ಯರ್ಥವಾದುವು. “ಒಂದು ಹೋಗಲಿ, ಎರಡು!” ಎಂದು ತಂದೆಯವರು ಎರಡು ಬೆರಳುಗಳನ್ನು ಎತ್ತಿ ತೋರಿಸುತ್ತಿದ್ದರು. ಪತ್ರಿಕೆಯಲ್ಲಿ ಓದಿ ತಿಳಿದ ಆ ಒದೆತಗಳನ್ನು ಅವರು ಕಣ್ಣಾರೆ ಕಂಡವರಂತೆಯೇ ಬಣ್ಣಿಸುತ್ತಿದ್ದರು.

ಈ ಅಲ್ಪ ಅಂತರವು ಒಂದು ವಿಚಿತ್ರವಾದ ಪರದೆ. ಎರಡು ಒದೆತಗಳು ಸರಿಯಾಗಿದ್ದಿದ್ದರೆ ಗೆಲ್ಲುತ್ತಿದ್ದೆವೆಂಬ ಮಾತು ಸುಳ್ಳಲ್ಲ. ಆದರೆ ಆ ಮಾತಿನ ಹಿಂದೆ ಬರಿಗಾಲು ಮರೆಯಾಯಿತು. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ, ಮತ್ತೆ ಹೆಚ್ಚಾಗಿ ಬರಿಗಾಲಿನಲ್ಲಿಯೇ ಆಡಿದ ನಮ್ಮ ತಂಡವನ್ನು ಯುಗೊಸ್ಲಾವಿಯ 10–1ರಿಂದ ಸೋಲಿಸಿತು. ಆ ಒಂದು ಗೋಲು ನಮ್ಮ ಅಹಮದ್ ಖಾನರದು. ಬೂಟು ಕಡ್ಡಾಯವಾದದ್ದು ಆ ಬಳಿಕ. ಒಂಬತ್ತು ಗೋಲುಗಳ ಸೋಲು ಹೇಳಿಕೊಟ್ಟುದನ್ನು ಒಂದು ಗೋಲಿನ ಸೋಲು ಹೇಳಿಕೊಟ್ಟಿರಲಿಲ್ಲ. ಇನ್ನು ಪೆನಾಲ್ಟಿ ತಪ್ಪಿದ ಮನ್ನಾ ಏನಾದರು? 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಅವರೇ ಭಾರತದ ನಾಯಕರು. ಇರಾನನ್ನು ಸೋಲಿಸಿ ಚಿನ್ನದ ಪದಕವನ್ನು ತಂದರು. ಆ ಅಂತಿಮ ಪಂದ್ಯದ ಅಂತರವೂ ಒಂದೇ ಗೋಲು. ಅದನ್ನು ಹೇಳುವಾಗ ತಂದೆಯವರು ಅದೃಷ್ಟದ ಹೆಸರನ್ನೇ ಎತ್ತುತ್ತಿರಲಿಲ್ಲ!

ಕಂಠೀರವದ ಆ ಸೋಲನ್ನೂ ನಾನು ಬಹಳ ದಿನ ಅದೃಷ್ಟದ ಲೆಕ್ಕಕ್ಕೇ ಬರೆದಿಟ್ಟಿದ್ದೆ. ಆದರೆ ಒಂದೇ ಅರ್ಧದಲ್ಲಿ, ಒಂದೇ ಬಗೆಯಿಂದ, ಒಬ್ಬನೇ ಆಟಗಾರ ಎರಡು ಗೋಲು ಗಳಿಸುವುದು ಅದೃಷ್ಟದ ಕೆಲಸವಲ್ಲ. ಚೆಂಡು ಎಲ್ಲಿ ಇಳಿಯಬೇಕೆಂಬುದನ್ನು ಒದೆಯುವವನು ಬಲ್ಲ. ಎಂದು ನೆಗೆಯಬೇಕೆಂಬುದನ್ನು ನೆಗೆಯುವವನು ಬಲ್ಲ. ಅದರ ಹಿಂದೆ ಯಾರೂ ಚಪ್ಪಾಳೆ ತಟ್ಟದ ಎಷ್ಟು ಬೆಳಗುಗಳ ಅಭ್ಯಾಸವಿದ್ದೀತು! ಚೆನ್ನೈ ತಂಡ ನಮಗಿಂತ ಚೆನ್ನಾಗಿ ಆಡಿತ್ತು. ಈ ಐದು ಪದಗಳ ವಾಕ್ಯವನ್ನು ಹೇಳಲು ಎಂ.ಎ. ಓದಿದ ನನಗೆ ಹಲವು ತಿಂಗಳುಗಳು ಬೇಕಾದುವು. ಹೇಳಿದ್ದು ಆ ಹುಡುಗನಿಗೆ. “ನಂಗೆ ಅವತ್ತೇ ಗೊತ್ತಿತ್ತು ಮಾವ. ನಿಮ್ಮ ಮುಖ ನೋಡಿ ಸುಮ್ಮನಿದ್ದೆ,” ಎಂದ.

ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ಬೆಂಗಳೂರು ಮತ್ತೆ ಅಂತಿಮ ಪಂದ್ಯದಲ್ಲಿತ್ತು. ಈ ಸಲ ಮುಂಬಯಿಯಲ್ಲಿ, ಗೋವಾ ತಂಡದೊಡನೆ. ಹುಡುಗನಿಗೆ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೆಲವೇ ದಿನಗಳಿದ್ದುವು. ಆದರೂ ನಮ್ಮ ಮನೆಯ ದೂರದರ್ಶನದ ಮುಂದೆ ಬಂದು ಕುಳಿತಿದ್ದ. ತೊಂಬತ್ತು ನಿಮಿಷಗಳಲ್ಲಿ ಗೋಲಿಲ್ಲ. ಹೆಚ್ಚುವರಿ ಸಮಯವೂ ಮುಗಿಯುತ್ತ ಬಂದು, 117ನೆಯ ನಿಮಿಷದಲ್ಲಿ ನಮಗೊಂದು ಕಾರ್ನರ್ ದೊರೆಯಿತು. ದಿಮಾಸ್ ಡೆಲ್ಗಾಡೊ ಒದೆದ ಚೆಂಡನ್ನು ರಾಹುಲ್ ಭೇಕೆ ತಲೆಯಿಂದ ಗೋಲಿಗೆ ಸೇರಿಸಿದರು. 1–0. ಹುಡುಗ ಕುರ್ಚಿಯ ಮೇಲೆ ಹತ್ತಿ ಕುಣಿದ; ನಾನೂ ಕುಣಿದೆನೆಂದು ನನ್ನ ಹೆಂಡತಿ ಹೇಳುತ್ತಾಳೆ.

ಆಟ ಮುಗಿದಾಗ ರಾತ್ರಿ ಬಹಳ ಹೊತ್ತಾಗಿತ್ತು. ಓದುವ ಹುಡುಗನೆಂದು ನಾನು ದೂರದರ್ಶನವನ್ನು ಆರಿಸಲು ಎದ್ದೆ. “ಸ್ವಲ್ಪ ಇರಿ ಮಾವ,” ಎಂದು ಅವನು ತಡೆದ. ಗೋವಾದ ಆಟಗಾರರು ತಮ್ಮ ಪಾಲಿನ ಪದಕಗಳನ್ನು ಕೊರಳಿಗೆ ಹಾಕಿಸಿಕೊಳ್ಳಲು ಒಬ್ಬೊಬ್ಬರಾಗಿ ವೇದಿಕೆಯ ಕಡೆಗೆ ಬರುತ್ತಿದ್ದರು. ಕೊನೆಯವನು ಇಳಿದು ಹೋಗುವವರೆಗೆ ಇಬ್ಬರೂ ನೋಡುತ್ತ ಕುಳಿತೆವು.